ಆ ವೈರಿನ ಮೇಲೆ ಇನ್ನೇನಿತ್ತು

ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದು ರಿಕ್ಷಾದಲ್ಲಿ, ಅವ್ವನ ಎರಡು ಕೌದಿಗಳ ನಡುವೆ. ಸದಾಶಿವನಗರದಿಂದ ರವಿವಾರ ಪೇಟೆಯ ಹಿಂದಿನ ನಮ್ಮ ಗಲ್ಲಿಯವರೆಗೆ ರಸ್ತೆಯ ತಗ್ಗುಗಳಲ್ಲಿ ಅದು ಕುಲುಕಬಾರದೆಂದು ತಂಗಿ ಒಂದು ಕೌದಿಯನ್ನು ಕೆಳಗೆ ಹಾಸಿ, ಇನ್ನೊಂದನ್ನು ಮೇಲೆ ಹೊದಿಸಿ, ದಾರಿಯುದ್ದಕ್ಕೂ ಅದನ್ನು ತಬ್ಬಿಕೊಂಡೇ ಬಂದಿದ್ದಳು. ರಿಕ್ಷಾ ನಿಂತದ್ದೇ ತಡ, ಗಲ್ಲಿಯ ಹೆಂಗಸರು ಓಡಿ ಬಂದರು.

"ಯಾರಿಗವಾ ಆರಾಮಿಲ್ಲ? ದವಾಖಾನಿಯಿಂದ ತಂದ್ರೇನು?"

ತಂಗಿ ಕೌದಿ ಸರಿಸಿ ತೋರಿಸಿದಳು. "ಆರಾಮ ಐತ್ರೀ ಅತ್ತಿ. ಕೂಸು ಸ್ವಲ್ಪ ತೂಕದ್ದೈತಿ, ಅಷ್ಟ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಇಸವಿ ಎರಡು ಸಾವಿರದ ಆಚೀಚಿನ ಮಾತು. ಮನೆಯೊಳಗೊಂದು ಕಂಪ್ಯೂಟರ್ ಇರಬಹುದೆಂದು ನಮ್ಮ ಗಲ್ಲಿಯಲ್ಲಿ ಆಗ ಯಾರೂ ಎಣಿಸಿರಲಿಲ್ಲ.

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಅಪ್ಪ ತೀರಿಕೊಂಡ ವರ್ಷವೇ ಪೇಟೆಯ ಒಂದು ಸಗಟು ಅಂಗಡಿಯಲ್ಲಿ ಕಾಳು ತೂಗುವ ಕೆಲಸಕ್ಕೆ ಸೇರಿದೆ. ತಂಗಿ ಪಿಯುಸಿ ಮುಗಿಸಿ ಕಂಪ್ಯೂಟರ್ ಕ್ಲಾಸಿಗೆ ಹೋದಳು. ಅವಳನ್ನು ಓದಿಸಿದವನು ನಾನು ಎಂದು ಕಂಡಕಂಡವರ ಮುಂದೆ ಹೇಳಿಕೊಳ್ಳುತ್ತಿದ್ದೆ. ಓದಿದವಳು ಅವಳೇ ಎಂಬುದು ನನಗೆ ಹೊಳೆಯಲು ಬಹಳ ದಿನ ಹಿಡಿಯಿತು.

ಸದಾಶಿವನಗರದಲ್ಲಿ ಕಂಪ್ಯೂಟರ್ ಕೆಲಸದ ಆಫೀಸು ನಡೆಸುತ್ತಿದ್ದ ಒಬ್ಬರಿದ್ದರು. ನಾವು ಅವರನ್ನು ಸರ್ ಎಂದೇ ಕರೆಯುತ್ತಿದ್ದೆವು. ಖಾನಾಪುರದ ಒಂದು ಸಹಕಾರಿ ಸಂಘದ ಸದಸ್ಯರ ಹೆಸರು, ಊರು, ವಿವರಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕೆಲಸವನ್ನು ಅವರು ಹಿಡಿದಿದ್ದರು. ತಂಗಿಯ ಕೈ ಚುರುಕು. ಕನ್ನಡವನ್ನೂ ಮರಾಠಿಯನ್ನೂ ತಡವರಿಸದೆ ಹೊಡೆಯುತ್ತಿದ್ದಳು. ಹಾಗಾಗಿ ಮಷಿನನ್ನೇ ನಮ್ಮ ಮನೆಗೆ ಕಳಿಸಿದರು. ಕೆಲಸ ಸರಿಯಾಗಿ ಮುಗಿಸಿದರೆ ಖಾನಾಪುರದ ಆ ಸಂಘದ ಆಫೀಸಿನಲ್ಲೇ ಅವಳಿಗೊಂದು ಕಾಯಂ ಸೀಟು ಎಂದು ಮಾತು ಕೊಟ್ಟಿದ್ದರು. ಆ ಸೀಟನ್ನು ಅವಳು ಎಷ್ಟು ಬಯಸಿದ್ದಳೆಂದರೆ, ಬಾಯಿ ಬಿಟ್ಟು ಒಮ್ಮೆಯೂ ಅದರ ಸುದ್ದಿ ಎತ್ತುತ್ತಿರಲಿಲ್ಲ. ನಮ್ಮ ಹಿರಿಯರು ಖಾನಾಪುರದ ಆಚೆಯ ಹಳ್ಳಿಯವರು, ಎಮ್ಮೆ ಕಾಯುತ್ತಿದ್ದವರು. ಆ ಸಂಘದ ಪುಸ್ತಕದಲ್ಲಿ ನಮ್ಮ ಅಜ್ಜನ ಹೆಸರೂ ಇತ್ತು. ಅಜ್ಜ ಹೆಬ್ಬೆಟ್ಟು ಒತ್ತಿದ ಜಾಗವನ್ನು ಅವಳು ನನ್ನನ್ನು ಕರೆದು ತೋರಿಸಿದ್ದಳು.

ಮಷಿನ್ ಕೊಡುವಾಗ ಸರ್ ಒಂದು ಕರಾರು ಹಾಕಿದ್ದರು. ಮೀಟರ್ ಬೋರ್ಡಿನಿಂದ ಕಂಪ್ಯೂಟರಿಗೆಂದೇ ಬೇರೆ ಲೈನ್ ಎಳೆಯಬೇಕು. ಅದರ ಮೇಲೆ ಬೇರೆ ಯಾವುದೂ ಇರಕೂಡದು. ಅರ್ಥಿಂಗ್ ಸರಿಯಾಗಿರಬೇಕು. ಕರೆಂಟು ಹೋದಾಗ ಸ್ವಲ್ಪ ಹೊತ್ತು ಕಾಪಾಡುವ ಬ್ಯಾಟರಿ ಪೆಟ್ಟಿಗೆಯನ್ನು ಮುಂದೆ ಕೊಡಿಸುತ್ತೇನೆ ಎಂದು ಹೇಳಿ, ಸದ್ಯಕ್ಕೆ ಒಂದು ಸುರುಳಿ ದಪ್ಪ ವೈರನ್ನು ಮಾತ್ರ ಕೊಟ್ಟರು.

"ವೈರಮನ್‌ನ ಕರಸ್ತೀರೇನು?" ಎಂದು ಕೇಳಿದರು.

"ಯಾಕ್ರೀ ಸರ್? ನಮ್ಮಣ್ಣ ಅದಾನಲ್ರಿ," ಎಂದಳು ತಂಗಿ.

ಸಂಜೆ ಅಂಗಡಿ ಮುಚ್ಚಿದ ಮೇಲೆ ನಾನು ಮೋಟಾರು ವೈಂಡಿಂಗ್ ಮಾಡುವ ಗೆಳೆಯನ ಅಂಗಡಿಯಲ್ಲಿ ಕೂತು ಅಷ್ಟಿಷ್ಟು ಕಲಿತಿದ್ದೆ. ಹಿತ್ತಲಲ್ಲಿ ಗುಂಡಿ ತೋಡಿ, ತಗಡು ಹೂಳಿ, ಉಪ್ಪು ಇದ್ದಿಲು ಸುರಿದು ಅರ್ಥಿಂಗ್ ಮಾಡಿದೆ. ಅವ್ವ ಬಾಗಿಲಲ್ಲಿ ನಿಂತು, "ಅಷ್ಟೂ ಉಪ್ಪು ಹಾಕಿದೆಲ್ಲೋ, ಉಪ್ಪಿನಕಾಯಿ ಹಾಕಾಂವ ಅದಿಯೇನು?" ಎಂದು ಗೊಣಗಿದಳು. ಅಲ್ಲಿಯವರೆಗೆ ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದೆ.

ನೀರಿನ ಸುದ್ದಿಯನ್ನು ಇಲ್ಲಿ ಹೇಳಬೇಕು. ನಮ್ಮ ಭಾಗದಲ್ಲಿ ನಳದ ನೀರು ದಿನಾ ಬರುತ್ತಿರಲಿಲ್ಲ. ಬಂದ ದಿನ ಯಾವ ಹೊತ್ತಿಗೆ ಬರುತ್ತದೆಂದೂ ಗೊತ್ತಿರುತ್ತಿರಲಿಲ್ಲ. ಬಂದರೂ ಮೇಲೇರುತ್ತಿರಲಿಲ್ಲ. ನಳದ ಬುಡದಲ್ಲಿ ಗುಂಡಿ ತೋಡಿ, ಅದರೊಳಗೆ ಇಳಿದು ಕೂತು, ತಂಬಿಗೆಯಿಂದ ಎತ್ತಿ ಕೊಡಕ್ಕೆ ಸುರಿಯಬೇಕಿತ್ತು. ಅವ್ವನ ಸೊಂಟ ಅದರಲ್ಲೇ ಹೋಯಿತು. ಕಡೆಗೆ ನಾನೊಂದು ಹಳೆಯ ಮೋಟಾರು ತಂದು ನಳದ ಪೈಪಿಗೇ ಜೋಡಿಸಿದೆ. ಅದು ಕಾಯಿದೆಗೆ ವಿರುದ್ಧ. ಆದರೂ ಗಲ್ಲಿಯ ಅರ್ಧ ಮನೆಗಳಲ್ಲಿ ಅದೇ ನಡೆಯುತ್ತಿತ್ತು. ಮೊದಲ ದಿನ ಬ್ಯಾರಲ್ ತುಂಬಿ ಹರಿದಾಗ ಅವ್ವ ಅದರೊಳಗೆ ಕೈಯಾಡಿಸುತ್ತ ನಿಂತುಬಿಟ್ಟಳು. "ಮಗ ಇದ್ರ ಇಂಥಾಂವ ಇರಬೇಕ್ರೀ," ಎಂದರು ಬಾಜೂ ಮನೆಯವರು. ನನ್ನ ಜನ್ಮದಲ್ಲಿ ಯಾರಾದರೂ ನನ್ನನ್ನು ಹಾಗೆ ಹೊಗಳಿದ್ದು ಅದೊಂದೇ ವಿಷಯಕ್ಕೆ.

ಆದರೆ ನಮ್ಮ ಮನೆಯ ವೈರಿಂಗ್ ಹಳೆಯದು, ತೆಳ್ಳಗಿನದು. ಮಧ್ಯಾಹ್ನ ವೋಲ್ಟೇಜ್ ಇಳಿದಾಗ ಮೋಟಾರು ಬರೀ ಗುಂಯ್ ಎನ್ನುತ್ತಿತ್ತು, ತಿರುಗುತ್ತಿರಲಿಲ್ಲ. ಅವ್ವ ಮತ್ತೆ ಗುಂಡಿಗಿಳಿಯುತ್ತಿದ್ದಳು. ಸರ್ ಕೊಟ್ಟ ದಪ್ಪ ವೈರನ್ನು ಮನೆಯ ಹಿಂಬದಿಯ ಮೀಟರ್ ಬೋರ್ಡಿನಿಂದ ಮುಂದಿನ ಮಾಳಿಗೆ ಕೋಣೆಗೆ ಒಯ್ಯುವಾಗ ಅದು ಅಡುಗೆ ಮನೆಯ ಬಾಗಿಲ ಮೇಲೆ ಹಾದುಹೋಗುತ್ತಿತ್ತು. ಅಲ್ಲೇ ಅದರ ಸಿಪ್ಪೆ ಬಿಡಿಸಿ ಮೋಟಾರಿಗೊಂದು ಕವಲು ಕೊಟ್ಟೆ. ಟೇಪು ಸುತ್ತಿ, ಕಟ್ಟಿಗೆ ಪಟ್ಟಿ ಬಡಿದು, ಮೇಲೆ ಸುಣ್ಣ ಹಚ್ಚಿದೆ. ಮೋಟಾರು ನಡೆಯುವುದೇ ಸ್ವಲ್ಪ ಹೊತ್ತು, ಅದರಿಂದ ಏನಾದೀತು ಎಂದುಕೊಂಡೆ.

ಸರ್ ನೋಡಲು ಬಂದಾಗ ಕೇಳಿದರು. "ಈ ಲೈನ್ ಮ್ಯಾಲ ಮತ್ತೇನರೆ ಐತೇನು?"

"ಏನೂ ಇಲ್ರೀ ಸರ್."

ತಂಗಿ ನನ್ನ ಬಾಜೂಕೆ ನಿಂತಿದ್ದಳು. ಸುಣ್ಣ ಹಚ್ಚಿದ ಆ ಪಟ್ಟಿಯನ್ನೇ ಅಭಿಮಾನದಿಂದ ನೋಡುತ್ತಿದ್ದಳು.

ಕೆಲಸ ಶುರುವಾಗಿ ಕೆಲವು ವಾರ ಏನೂ ಆಗಲಿಲ್ಲ. ಬೇಸಿಗೆಯ ಬಿಸಿಲು ಏರಿದ ಮೇಲೆ ಕಂಪ್ಯೂಟರ್ ನಡುನಡುವೆ ತಾನಾಗಿಯೇ ಬಂದ್ ಆಗಿ ಮತ್ತೆ ಚಾಲೂ ಆಗತೊಡಗಿತು. ಕೋಣೆಯ ಫ್ಯಾನು ತಿರುಗುತ್ತಲೇ ಇರುತ್ತಿತ್ತು, ದೀಪ ಉರಿಯುತ್ತಲೇ ಇರುತ್ತಿತ್ತು. ಪರದೆ ಮಾತ್ರ ಕಪ್ಪಾಗಿ, ಮೊದಲಿನಿಂದ ಅಕ್ಷರಗಳು ಏಳುತ್ತಿದ್ದವು. ಉಳಿಸಿಟ್ಟದ್ದು ಉಳಿಯುತ್ತಿತ್ತು, ಉಳಿಸದೇ ಇದ್ದದ್ದು ಹೋಗುತ್ತಿತ್ತು. ಒಂದು ಸಲ ಇಡೀ ಫೈಲೇ ಕೆಟ್ಟು ತೆರೆಯದಾಯಿತು. ಅದು ನಮ್ಮ ಅಜ್ಜನ ಊರಿನ ಫೈಲು. ಅವಳು ಪುಸ್ತಕವನ್ನು ಮತ್ತೆ ಮೊದಲ ಪುಟಕ್ಕೆ ತಿರುವಿದಳು.

ಸರ್ ಬಂದು ಸ್ಟೆಬಿಲೈಜರ್ ಬದಲಿಸಿದರು. ಪ್ರಯೋಜನವಾಗಲಿಲ್ಲ. ಎರಡನೇ ಸಲ ಬಂದಾಗ ಅವರ ದನಿ ಬದಲಾಗಿತ್ತು.

"ಮನ್ಯಾಗ ಯಾರರೆ ಗೇಮ್ ಆಡತಾರೇನು? ಮಷಿನ್ ಬರೋಬರಿ ಐತಿ. ನಮ್ಮ ಆಫೀಸಿನ್ಯಾಗ ಒಂದ ಸಲಾನೂ ಹಿಂಗ ಆಗಿದ್ದಿಲ್ಲ. ಹಿಂಗ ಆದ್ರ ಮಷಿನ್ ವಾಪಸ್ ಒಯ್ಯಬೇಕಾಗತೈತಿ. ಸೀಟಿನ ಸಲುವಾಗಿ ಇನ್ನೊಬ್ಬಾಕಿನೂ ಕೇಳಾಕತ್ತಾಳ."

ಅವರು ಹೋದ ಮೇಲೆ ನಾನೂ ಅದೇ ರಾಗ ತೆಗೆದೆ. "ನೀ ಏನರೆ ಉಲ್ಟಾ ಒತ್ತತಿರಬೇಕ ನೋಡು."

"ಒತ್ತಿದ್ರ ಅದನ್ನೂ ಮಷಿನ್ ಬರದಿಟ್ಟಿರತೈತಿ, ಅಣ್ಣಾ," ಎಂದಳು.

ಕಂಪ್ಯೂಟರ್ ತನಗೆ ಆದದ್ದನ್ನೆಲ್ಲ ತಾನೇ ಒಂದು ಕಡೆ ಬರೆದಿಟ್ಟುಕೊಳ್ಳುತ್ತದೆ ಎಂದು ಕ್ಲಾಸಿನಲ್ಲಿ ಎಂದೋ ಒಮ್ಮೆ ಹೇಳಿದ್ದರಂತೆ. ಅದರ ಹೆಸರು ಇವೆಂಟ್ ಲಾಗ್. ಹೇಗೆ ತೆರೆಯಬೇಕೆಂದು ಅವಳಿಗೆ ನೆನಪಿರಲಿಲ್ಲ. ಒಂದೊಂದೇ ಕಿಟಕಿ ತೆಗೆದು, ಮುಚ್ಚಿ, ಹುಡುಕಿದಳು. ಸಿಕ್ಕ ದಿನ ಜೋಳದ ರೊಟ್ಟಿಯ ತಾಟನ್ನು ಮೇಲೆ ಒಯ್ದವನು ನಾನೇ. ಪರದೆಯ ತುಂಬ ಸಾಲುಗಳು. ಕೆಲವಕ್ಕೆ ನೀಲಿ ಗುರುತು, ಅದು ಬರೀ ಸುದ್ದಿ. ಕೆಲವಕ್ಕೆ ಹಳದಿ, ಅದು ಎಚ್ಚರಿಕೆ. ಅಲ್ಲಲ್ಲಿ ಕೆಂಪು, ಅದು ತಪ್ಪು. ಕೆಂಪಿನ ಮೇಲೆ ಒತ್ತಿದರೆ, ಹಿಂದಿನ ಸಲ ಇಂಥ ಹೊತ್ತಿಗೆ ಬಂದ್ ಆದದ್ದು ಅನಿರೀಕ್ಷಿತವಾಗಿತ್ತು ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತಿತ್ತು. ಅವಳು ನನಗೆ ಕನ್ನಡದಲ್ಲಿ ಹೇಳಿದಳು.

ಮೊದಲ ದಿನ ನಾನು ನಕ್ಕುಬಿಟ್ಟೆ. ಬರೆದ ಹೊತ್ತೆಲ್ಲ ನಡುರಾತ್ರಿಯದು, ಬೆಳಗಿನ ಜಾವದ್ದು. ಆಗ ಮಷಿನ್ ಬಂದ್ ಇದ್ದು, ಅದರ ಮೇಲೆ ಕೌದಿ ಮುಚ್ಚಿರುತ್ತಿತ್ತು.

"ನಿನ್ನ ಪೆಟ್ಟಿಗಿ ಸುಳ್ಳು ಹೇಳತೈತಿ ನೋಡು."

ಅವಳು ಪರದೆಯ ಮೂಲೆಯಲ್ಲಿದ್ದ ಗಡಿಯಾರವನ್ನು ತೋರಿಸಿದಳು. ಮಷಿನ್ ಹಚ್ಚುವಾಗ ಯಾರೋ ಪಿಎಂ ಇರಬೇಕಾದಲ್ಲಿ ಎಎಂ ಒತ್ತಿ ಹಗಲನ್ನು ರಾತ್ರಿ ಮಾಡಿ ಇಟ್ಟಿದ್ದರು. "ಸುಳ್ಳಲ್ಲ, ತಪ್ಪು. ತಪ್ಪು ಒಂದ ಸಮ ಇದ್ರ ಲೆಕ್ಕ ಹಾಕಬಹುದು. ಸುಳ್ಳು ಆದ್ರ ಲೆಕ್ಕಕ್ಕ ಸಿಗೂದಿಲ್ಲ." ರಾತ್ರಿಯನ್ನೆಲ್ಲ ಹಗಲಿಗೆ ತಿರುಗಿಸಿ ನೋಡಿದರೆ, ಕೆಂಪು ಗುರುತುಗಳೆಲ್ಲ ಮಧ್ಯಾಹ್ನಕ್ಕೆ ಬಂದು ಕೂತವು.

ಅವಳು ಕೆಲಸ ಮಾಡಿದ ರೀತಿಯನ್ನು ನೆನೆದರೆ ನನಗೆ ಇಂದಿಗೂ ಬೆರಗು. ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತಿದ್ದಳು. ಬದಲಿಸಿ ಕಾಯುತ್ತಿದ್ದಳು. ಪೆಟ್ಟಿಗೆ ಬಿಚ್ಚಿ, ಮೆಮರಿಯ ಪಟ್ಟಿಯನ್ನು ಹೊರತೆಗೆದು, ಅದರ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದಳು. ಆ ವಾರವೆಲ್ಲ ಬೇರೆ ಯಾವುದನ್ನೂ ಮುಟ್ಟಲಿಲ್ಲ. ಮತ್ತೆ ಕೆಂಪು ಬಿದ್ದಾಗ ಸಿಟ್ಟಾಗಲಿಲ್ಲ. "ಆತು, ಮೆಮರಿ ಅಲ್ಲ," ಎಂದು, ಒಂದು ಕೆಲಸ ಮುಗಿಸಿದವಳ ಹಾಗೆ ನಿಟ್ಟುಸಿರು ಬಿಟ್ಟಳು. ಒಳಗಿನ ಫ್ಯಾನಿಗೆ ಹಿಟ್ಟಿನ ಧೂಳು ಹತ್ತಿತ್ತು. ಅದನ್ನು ಬಣ್ಣದ ಕುಂಚದಿಂದ ಝಾಡಿಸಿದಳು. ಆಮೇಲೆ ಒಂದು ದಿನ ನನ್ನನ್ನು ಕೂರಿಸಿಕೊಂಡು ಹೇಳಿದಳು.

"ನೋಡಣ್ಣಾ. ಒಳಗೇನರೆ ಕೆಟ್ಟಿದ್ರ ಇದು ಹೋಗೂಮುಂದ ಏನರೆ ಒಂದು ಬರೀತಿತ್ತು. ಡಿಸ್ಕ್ ಅಂತಿತ್ತು, ಮತ್ತೊಂದಂತಿತ್ತು. ಇಲ್ಲಿ ಏನೂ ಇಲ್ಲ. ಮಾತಾಡಕೋಂತ ಕುಂತಾಂವ ನಡಕ ಸುಮ್ಮನಾದಂಗ. ಎದ್ದ ಮ್ಯಾಲ ಅಷ್ಟ, ನಾ ಬಿದ್ದಿದ್ದೆ ಅಂತ ಬರೀತೈತಿ."

"ಅಂದ್ರ?"

"ಅಂದ್ರ ಹೊರಗಿಂದ ಯಾರೋ ಇದರ ಕುತ್ತಿಗಿ ಹಿಚಕಾಕತ್ತಾರ."

ಆ ಹೊತ್ತಿಗೆ ನನಗೆ ಸಂಶಯ ಬಂದಿತ್ತು. ಖರೆ ಹೇಳುತ್ತೇನೆ, ಸಂಶಯಕ್ಕಿಂತ ಹೆಚ್ಚೇ ಬಂದಿತ್ತು. ಆದರೆ ಕವಲು ತೆಗೆದರೆ ಅವ್ವ ಮತ್ತೆ ಗುಂಡಿಗಿಳಿಯಬೇಕು. ಹೇಳಿದರೆ, ನಾನು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸವೇ ತಂಗಿಯ ಕೆಲಸಕ್ಕೆ ಮುಳ್ಳಾಯಿತೆಂದು ಒಪ್ಪಬೇಕು. ನನ್ನ ಬಾಯಿ ಬೇರೆಯೇ ಮಾತಾಡಿತು.

"ಗಿರಣಿ! ಬಾಜೂ ಗಿರಣಿ. ಅದು ಚಾಲೂ ಆದಾಗೆಲ್ಲ ವೋಲ್ಟೇಜ್ ಇಳೀತೈತಿ."

ನಮ್ಮ ಗೋಡೆಗೆ ಹತ್ತಿಯೇ ಒಂದು ಹಿಟ್ಟಿನ ಗಿರಣಿ ಇತ್ತು. ಅದನ್ನು ನಡೆಸುತ್ತಿದ್ದವರನ್ನು ನಾವು ಕಾಕಾ ಎನ್ನುತ್ತಿದ್ದೆವು. ಹುಬ್ಬಿನ ಮೇಲೂ ಹಿಟ್ಟು ಹೊತ್ತು ತಿರುಗುವ ಮನುಷ್ಯ. ತಂಗಿ ತಡೆಯುವ ಮೊದಲೇ ನಾನು ಅಲ್ಲಿಗೆ ಹೋದೆ. ಬುಟ್ಟಿ ಹಿಡಿದು ಪಾಳಿಯಲ್ಲಿ ನಿಂತ ಹೆಂಗಸರ ಎದುರಿಗೇ ದನಿ ಏರಿಸಿದೆ.

"ಕಾಕಾ, ನಿಮ್ಮ ಗಿರಣಿಯಿಂದ ನನ್ನ ತಂಗಿ ಹೊಟ್ಟಿ ಮ್ಯಾಲ ಹೊಡತ ಬೀಳಾಕತ್ತೈತಿ!"

ಅವರು ಪಟ್ಟಾ ಕಳಚಿ ಗಿರಣಿ ನಿಲ್ಲಿಸಿದರು. "ನಿಮ್ಮಪ್ಪ ಇದ್ದಾಗಿಂದ ಇದ ಗಿರಣಿ, ಇದ ಗ್ವಾಡಿ. ಇಷ್ಟ ದಿನ ಏನೂ ಆಗಿದ್ದಿಲ್ಲಲ್ಲೋ?"

"ಇಷ್ಟ ದಿನ ನಮ್ಮ ಮನ್ಯಾಗ ಕಂಪ್ಯೂಟರ್ ಇದ್ದಿಲ್ಲ!"

ಅವರು ನನ್ನ ಬೆನ್ನ ಹಿಂದೆ ಓಡಿ ಬಂದಿದ್ದ ತಂಗಿಯನ್ನು ನೋಡಿದರು. "ಖರೇ ಏನವಾ?"

"ಇನ್ನೂ ಗೊತ್ತಿಲ್ರೀ ಕಾಕಾ. ನೋಡಾಕತ್ತೀನಿ."

"ಯಾವಾಗ ಕುಂದರತಿ ಕೆಲಸಕ್ಕ?"

"ಮಧ್ಯಾಹ್ನ ಊಟ ಆದ ಮ್ಯಾಲಿಂದ ಸಂಜಿತನಕರೀ."

"ಹಂಗಾರ ಆ ಹೊತ್ತಿನ್ಯಾಗ ಬಂದ್ ಇಡತೀನಿ. ನೀ ನೋಡಿ ಹೇಳು."

ಹೆಂಗಸರು ಗದ್ದಲ ಎಬ್ಬಿಸಿದರು. "ಮತ್ತ ನಾವು ರಾತ್ರಿ ಏನ್ ಬಡೀಬೇಕ್ರೀ, ರೊಟ್ಟಿನೋ ತಲೀನೋ?"

"ಮುಂಜಾನೆ ಬಂದ ಬೀಸಿಕೊಂಡ ಹೋಗ್ರಿ. ಹುಡುಗಿ ಖುರ್ಚಿ ಮ್ಯಾಲ ಕುಂತ್ರ ನಮ್ಮ ಗಲ್ಲೀದ ಹೆಸರಲ್ಲೇನು?" ಎಂದು ಕಾಕಾ ನಕ್ಕರು.

ಮರುದಿನದಿಂದ ಮಧ್ಯಾಹ್ನ ನಮ್ಮ ಗಲ್ಲಿಯಲ್ಲಿ ಗುಬ್ಬಿಗಳ ಸದ್ದು ಕೇಳುವಷ್ಟು ಮೌನ. ಗಿರಾಕಿಗಳು ಅತ್ತಲಿನ ಓಣಿಯ ಗಿರಣಿಗೆ ಹೋಗತೊಡಗಿದರು. ಕಾಕಾ ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತಿದ್ದರು. ನಾನು ಅವರ ಮುಂದೆ ಹಾಯ್ದು ಹೋಗುವಾಗ ಸೈಕಲ್ಲಿನ ಚೈನು ನೋಡುತ್ತ ಹೋಗುತ್ತಿದ್ದೆ.

ಆ ಮೌನದೊಳಗೇ ಕಂಪ್ಯೂಟರ್ ಮತ್ತೊಮ್ಮೆ ಬಂದ್ ಬಿತ್ತು.

ಆ ದಿನ ನಾನು ಊಟಕ್ಕೆ ಬಂದಾಗ ತಂಗಿ ಮಾಳಿಗೆಯ ಹಿಂದಿನ ಕಿಟಕಿಯಿಂದ ಹಿತ್ತಲನ್ನು ನೋಡುತ್ತ ನಿಂತಿದ್ದಳು. ಹಗ್ಗದ ಮೇಲೆ ಅವ್ವನ ಕೌದಿಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ನಮ್ಮಲ್ಲಿ ಕೌದಿ ಒಗೆಯುವುದೆಂದರೆ ನೀರು ಧಾರಾಳ ಬಂದ ದಿನ ಮಾತ್ರ.

"ಅವ್ವಾ," ಎಂದು ಮೇಲಿಂದಲೇ ಕೂಗಿದಳು, "ಹಿಂದಿನ ಸಲ ಕೌದಿ ಯಾವತ್ತ ಒಗದಿದ್ದಿ?"

"ಅಮಾಸಿ ಹಿಂದಿನ ದಿನ. ಯಾಕ?"

"ಅದಕ್ಕಿಂತ ಮೊದಲ?"

"ನಿಮ್ಮ ಮಾವ ಬಂದ ಹೋದ್ನಲ್ಲ, ಅದರ ಮರುದಿನ. ಹಾಸಿಗಿ ಎಲ್ಲಾ ಒಗದ್ನಿ. ಏನವಾ, ಕೌದಿಗೂ ನಿನ್ನ ಕಂಪ್ಯೂಟರಿಗೂ ಸೋಯರಿಕಿ ಹಚ್ಚತೀಯೇನು?"

ತಂಗಿ ಒಳಗೆ ಹೋಗಿ ಲಾಗ್ ತೆರೆದಳು. ಅಮಾವಾಸ್ಯೆಯ ಹಿಂದಿನ ದಿನ ಕೆಂಪು. ಮಾವ ಹೋದ ಮರುದಿನ ಕೆಂಪು. ಅವಳು ನನ್ನತ್ತ ತಿರುಗಿದಳು. ಮುಖದಲ್ಲಿ ಸಂಶಯವಿರಲಿಲ್ಲ, ಬರೀ ಹುಡುಕಾಟ.

"ಅಣ್ಣಾ, ನೀರು ಬಂದ ದಿನ ಬೀಳತೈತಿ ಇದು. ಮೋಟಾರು ಹಳೇ ಲೈನ್ ಮ್ಯಾಲ ಐತಿ ಹೌದಲ್ಲೋ?"

"ಹೌದು. ಮತ್ತೆಲ್ಲಿರತೈತಿ?"

"ಹಂಗಾರ ಮೋಟಾರು ಅಲ್ಲ," ಎಂದಳು.

ಈ ಮಾತೇ ನನ್ನನ್ನು ಇಂದಿಗೂ ಚುಚ್ಚುವುದು. ಮೆಮರಿಯನ್ನು ತಿಕ್ಕಿ ನೋಡಿದವಳು, ಗಡಿಯಾರವನ್ನೂ ನಂಬದೆ ತಿರುಗಿಸಿ ನೋಡಿದವಳು, ನನ್ನ ಮಾತನ್ನು ಮಾತ್ರ ಪರೀಕ್ಷೆ ಮಾಡದೆ ಬದಿಗಿಟ್ಟಳು. ಆಮೇಲೆ ಕೆಲವು ದಿನ ಅರ್ಥಿಂಗ್ ಗುಂಡಿಗೆ ನೀರು ಹಾಕಿದಳು, ಬೀದಿಯ ಕಂಬಕ್ಕೆ ಯಾರ ಯಾರ ಮನೆಯ ಮೋಟಾರು ಹತ್ತಿದೆ ಎಂದು ಕೇಳಿಕೊಂಡು ಬಂದಳು. ಎಲ್ಲ ನನ್ನ ಸುಳ್ಳಿನ ಸುತ್ತ ತಿರುಗಿದ್ದು. ಅತ್ತ ಸರ್ ಮಷಿನ್ ಒಯ್ಯಲು ಬರುವ ದಿನವನ್ನು ಹೇಳಿ ಕಳಿಸಿದರು.

ಅವರು ಬರುವ ಹಿಂದಿನ ದಿನ ಅಂಗಡಿಯಿಂದ ಬಂದು ಕೈಕಾಲು ತೊಳೆಯುತ್ತಿದ್ದೆ. ದೀಪ ಹಚ್ಚುವ ಹೊತ್ತು. ಅವ್ವ ಹತ್ತಿರ ಬಂದು ದನಿ ತಗ್ಗಿಸಿ ಹೇಳಿದಳು.

"ಇವತ್ತ ನಿನ್ನ ತಂಗಿ ನೀರು ಬರಲಾರದ ಮೋಟಾರು ಹಚ್ಚಂದ್ಲು. ಹಚ್ಚಿದ್ನಿ. ಮತ್ತ ಬಂದ್ ಮಾಡಂದ್ಲು, ಮತ್ತ ಹಚ್ಚಂದ್ಲು. ಆಮ್ಯಾಲ ಮ್ಯಾಲಿಂದ ಗ್ವಾಡಿ ಹಿಡಕೊಂಡ, ಆ ಪಟ್ಟಿ ಮ್ಯಾಲ ಕೈ ಆಡಿಸಿಕೋಂತ ಇಳದ ಬಂದ್ಲು. ಇಲ್ಲೀತನಕ." ಅವ್ವ ಅಡುಗೆ ಮನೆಯ ಬಾಗಿಲ ಮೇಲೆ ಬೆರಳು ಮಾಡಿದಳು. ಅಲ್ಲಿ ಸುಣ್ಣ ಬಿರುಕು ಬಿಟ್ಟಿತ್ತು. "ಸ್ಟೂಲ್ ಮ್ಯಾಲ ಹತ್ತಿ ನಿಂತ್ಲು. ಇಳದು ಬಂದು ಮುಖ ತೊಳಕೊಂಡ್ಲು. ಏನೋ ಅದು?"

"ಏನಿಲ್ಲ," ಎಂದೆ.

ತಂಗಿ ಮೇಲಿಂದ ಕರೆದಳು. ಹೋದೆ. ಖುರ್ಚಿಯಿಂದ ಎದ್ದು ನನ್ನನ್ನು ಅದರಲ್ಲಿ ಕೂರಿಸಿದಳು. ಲಾಗ್ ತೆರೆದಿತ್ತು. ಕೆಂಪು ಗುರುತುಗಳನ್ನು ಒಂದೊಂದಾಗಿ ಒತ್ತುತ್ತ ಹೋದಳು. ಕೊನೆಯದು ಅದೇ ಮಧ್ಯಾಹ್ನದ್ದು. ನಾನು ಇಂಗ್ಲಿಷ್ ಅಂಕಿಗಳನ್ನು ಓದಬಲ್ಲೆ. ಓದಿದೆ.

"ನಾಳೆ ಸರ್ ಬರ್ತಾರ. ಕೇಳ್ತಾರ," ಎಂದಳು, ಅಷ್ಟೇ.

"ಕೇಳ್ಲಿ ಬ್ಯಾಡಂದಾರ ಯಾರು?" ಎಂದು ಎದ್ದು ಇಳಿದು ಬಂದೆ.

ಬೆಳಿಗ್ಗೆ ಅವಳು ಜಳಕಕ್ಕೆ ಹೋದಾಗ ಸ್ಟೂಲ್ ಹತ್ತಿ ಕವಲನ್ನು ಕತ್ತರಿಸಿದೆ. ಮೋಟಾರನ್ನು ಹಳೆಯ ಲೈನಿಗೆ ಹಚ್ಚಿದೆ. ಇನ್ನು ಮಷಿನ್ ಬೀಳುವುದಿಲ್ಲ, ಯಾರೂ ಏನೂ ಹೇಳಬೇಕಾಗಿಲ್ಲ ಎಂದು ನನ್ನ ಲೆಕ್ಕ. ಕೆಳಗೆ ಬಿದ್ದ ಸುಣ್ಣದ ಚೂರುಗಳನ್ನು ಗುಡಿಸಿದೆ. ಜಳಕ ಮುಗಿಸಿ ಬಂದ ತಂಗಿ ಬಾಗಿಲ ಮೇಲಿನ ಒಡೆದ ಪಟ್ಟಿಯನ್ನು ನೋಡಿಕೊಂಡೇ ಮೇಲೆ ಹೋದಳು.

ಸರ್ ಬಂದರು. ತಂಗಿ ಅವರಿಗೆ ಲಾಗ್ ತೋರಿಸಿ ಮೊದಲಿನಿಂದ ಎಲ್ಲವನ್ನೂ ಹೇಳಿದಳು. ಗಡಿಯಾರ, ಮೆಮರಿ, ಬೀಸದೇ ನಿಂತ ಗಿರಣಿ, ಕೌದಿಗಳು. ಸರ್ ನಿಂತವರು ಕೂತರು. "ಅರೇ, ಇದನ್ನ ನಮ್ಮ ಹುಡುಗರೂ ತಗದು ನೋಡೂದಿಲ್ಲ," ಎಂದರು. ಆಮೇಲೆ, "ಮತ್ತ ಕಾರಣ ಏನು?"

"ನಮ್ಮ ವೈರಿಂಗಿನ್ಯಾಗ ತಪ್ಪಿತ್ರೀ ಸರ್. ಇವತ್ತ ಮುಂಜಾನೆ ಸರಿ ಆತು."

"ಈ ಲೈನ್ ಮ್ಯಾಲ ಏನೂ ಇಲ್ಲ ಅಂದಿದ್ರಲ್ಲ? ನಾನ ಕೇಳಿದ್ದೆ."

ತಂಗಿ ನನ್ನತ್ತ ನೋಡಿದಳು. ಜಾಗ ಬಿಟ್ಟು ಸರಿದು ನಿಂತವಳ ಹಾಗೆ ಕಾದಳು. ನಾನು ಬಾಗಿಲ ಚೌಕಟ್ಟಿನಲ್ಲಿ ನಿಂತಿದ್ದೆ. ನನ್ನ ಉಗುರಿನಲ್ಲಿ ಇನ್ನೂ ಸುಣ್ಣವಿತ್ತು.

"ನಾ ನೋಡಬೇಕಿತ್ರೀ ಸರ್. ನೋಡಲಿಲ್ಲ. ನನ್ನ ತಪ್ಪು," ಎಂದಳು ತಂಗಿ.

ಸರ್ ತಲೆ ಅಲ್ಲಾಡಿಸಿದರು. "ಹುಷಾರ್ ಅದಿ. ಆದ್ರ ಮೊದಲ ನೋಡೂದನ್ನ ಕಡೀಕ ನೋಡಿದಿ. ಇನ್ನ ಮನ್ಯಾಗ ಬ್ಯಾಡ. ನಾಳಿಂದ ಖಾನಾಪುರಕ್ಕ ಬಂದು ಅಲ್ಲೇ ಕುಂತ ಮುಗಸು. ಸೀಟಿನ ಮಾತು ಮುಂದ ನೋಡೂಣು." ಮಷಿನ್ ರಿಕ್ಷಾ ಏರಿತು. ಈ ಸಲ ಕೌದಿ ಹೊದಿಸಿದವನು ನಾನು.

ಅವಳು ಬೆಳಗಿನ ಬಸ್ಸಿಗೆ ಖಾನಾಪುರಕ್ಕೆ ಹೋಗಿ ಸಂಜೆ ಬರತೊಡಗಿದಳು. ನನ್ನ ಜೊತೆ ಮೊದಲಿನ ಹಾಗೆಯೇ ಮಾತಾಡುತ್ತಿದ್ದಳು. ನಾನೇ ಅವಳ ಊಟದ ಹೊತ್ತಿಗೆ ಹೊರಗೆ ಹೋಗುತ್ತಿದ್ದೆ.

ಹಾಗೇ ಕೆಲವು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ನನಗೆ ಗಲ್ಲಿಯ ಮೌನ ಗಮನಕ್ಕೆ ಬಂತು. ಕಾಕಾ ಕಟ್ಟೆಯ ಮೇಲೆ ಕೂತಿದ್ದರು. ಗಿರಣಿ ಬಂದ್. ಕಂಪ್ಯೂಟರ್ ಹೋದದ್ದನ್ನು ಅವರು ನೋಡಿದ್ದರು. ಆದರೆ ಅದು ರಿಪೇರಿಗೆ ಹೋಗಿದೆ, ಇವತ್ತೋ ನಾಳೆಯೋ ಬರುತ್ತದೆ ಎಂದುಕೊಂಡಿದ್ದರು. ಗಿರಣಿ ಚಾಲೂ ಮಾಡಿರಿ ಎಂದು ಅವರಿಗೆ ಹೇಳುವವರು ಯಾರೂ ಇರಲಿಲ್ಲ. ನಾನೇ ಹೇಳಿರುತ್ತೇನೆಂದು ತಂಗಿ ಎಣಿಸಿದ್ದಳೇನೋ.

ಸೈಕಲ್ ನಿಲ್ಲಿಸಿ ಕಟ್ಟೆಯ ಹತ್ತಿರ ಹೋದೆ. "ಕಾಕಾ, ಗಿರಣಿ ಚಾಲೂ ಮಾಡ್ರಿ. ನಿಮ್ಮದೇನೂ ತಪ್ಪಿದ್ದಿಲ್ಲ. ಆ ವೈರಿಗೆ ಮೋಟಾರು ಜೋಡಿಸಿದ್ದು ನಾ. ಗೊತ್ತಿದ್ದೂ ನಿಮ್ಮ ಮ್ಯಾಲ ಹಾಕಿದೆ."

ಅವರು ಬೀಡಿಯನ್ನು ಕಟ್ಟೆಗೆ ಒತ್ತಿ ಆರಿಸಿದರು.

"ಮಂದಿ ಮುಂದ ಬೈದಿ. ಈಗ ಒಬ್ಬಾಂವ ಇದ್ದಾಗ ಹೇಳಾಕ ಬಂದಿ. ಇರ್ಲಿ, ನಾ ಮುದುಕ, ತಡಕೋತೀನಿ. ಆ ಹುಡುಗಿಗೆ ಹೇಳಿದೇನು?"

"ಆಕೀಗೆ ಗೊತ್ತೈತ್ರಿ."

"ಗೊತ್ತೈತೇನಂತ ಕೇಳಲಿಲ್ಲ ನಾ. ನೀ ಹೇಳಿದೇನು?"

"ಇಲ್ರಿ."

"ಮತ್ತ ಇಲ್ಲೇನ ಮಾಡಾಕತ್ತಿ? ಹೋಗ, ಖಾನಾಪುರ ಬಸ್ ಹಿಡಿ."

ಮರುದಿನ ಅಂಗಡಿಗೆ ರಜೆ ಹೇಳಿ ಬಸ್ ಹಿಡಿದೆ. ಸಂಘದ ಆಫೀಸು ಹಂಚಿನ ಮನೆ. ಬಾಗಿಲಲ್ಲೇ ತಂಗಿಯ ದನಿ ಕೇಳಿತು. ಎರಡು ಮೂರು ಮಂದಿ ಗುಮಾಸ್ತರು ಅವಳ ಖುರ್ಚಿಯ ಹಿಂದೆ ನಿಂತಿದ್ದರು. ಅವಳು ಪರದೆಯ ಮೇಲೆ ಬೆರಳಿಟ್ಟು ಒಮ್ಮೆ ಕನ್ನಡದಲ್ಲಿ, ಒಮ್ಮೆ ಮರಾಠಿಯಲ್ಲಿ, ನೀಲಿ ಯಾವುದು, ಹಳದಿ ಯಾವುದು, ಕೆಂಪು ಯಾವುದು ಎಂದು ಹೇಳುತ್ತಿದ್ದಳು. ಅವರಲ್ಲಿ ಹಿರಿಯರೊಬ್ಬರು ಶಾಲೆಯ ಹುಡುಗನ ಹಾಗೆ ತಲೆಯಾಡಿಸುತ್ತಿದ್ದರು. ಸರ್ ಕೂಡ ಅಲ್ಲಿದ್ದರು. ನನಗೆ ಅದು ಬೇಕಾಗಿರಲಿಲ್ಲ. ಆದರೆ ಈಗ ತಿರುಗಿ ಹೋದರೆ ಮತ್ತೆ ಬರಲಾರೆ ಎಂದು ಗೊತ್ತಿತ್ತು.

"ಸರ್," ಎಂದೆ ಎಲ್ಲರ ಮುಂದೆ, "ಮನ್ಯಾಗಿನ ಆ ವೈರಿಗೆ ಕಳ್ಳ ಜೋಡಣಿ ಮಾಡಿದ್ದು ನಾ. ನೀವು ಕೇಳಿದಾಗ ಇಲ್ಲ ಅಂದಾಂವನೂ ನಾ. ಆಮ್ಯಾಲ ಆಕಿ ಕೇಳಿದ್ಲು, ಆಕಿಗೂ ಸುಳ್ಳ ಹೇಳಿದೆ. ಆಕಿದೇನೂ ತಪ್ಪಿಲ್ರಿ. ಆಕೀ ಸೀಟು..."

ಸರ್ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಆಕೀ ಸೀಟು ಮೊನ್ನೆನ ಪಕ್ಕಾ ಆತು. ಆಕೀನ ಬೇಕು ಅಂತ ಇಲ್ಲಿ ಮಂದಿ ತಾವ ಕೇಳಿ ತಗೊಂಡ್ರು. ನೀ ಬರೂ ಹಾದಿ ಯಾರೂ ಕಾಯಲಿಲ್ಲಪಾ."

ಗುಮಾಸ್ತರೊಬ್ಬರು ಕೆಮ್ಮಿದರು. ನನ್ನ ಮಾತಿನಿಂದ ಅವಳಿಗೆ ಆಗಬೇಕಾದ ಉಪಕಾರ ಏನೂ ಉಳಿದಿರಲಿಲ್ಲ. ಅವಳು ತನ್ನ ಕೈಯಿಂದಲೇ ಅದನ್ನು ಗಳಿಸಿಕೊಂಡಿದ್ದಳು, ನನ್ನ ತಪ್ಪನ್ನು ಹೆಗಲ ಮೇಲೆ ಹೊತ್ತುಕೊಂಡೇ.

ತಂಗಿ ಪರದೆಯಿಂದ ಕಣ್ಣು ತೆಗೆದು ನನ್ನನ್ನು ನೋಡಿದಳು. ಕಣ್ಣು ಸ್ವಲ್ಪ ಕೆಂಪಾಗಿತ್ತು. ದನಿ ಮಾತ್ರ ಎಂದಿನದೇ.

"ಬಂದಿ ಅಂದ್ರ ಒಂದ ಕೆಲಸ ಮಾಡು. ಇಲ್ಲೂ ಒಂದು ಮಷಿನ್ ಬೀಳಾಕತ್ತೈತಿ. ಲಾಗ್ ಅದ ಹೇಳತೈತಿ. ಈ ಲೈನ್ ಮ್ಯಾಲ ಮತ್ತೇನರೆ ಐತೇನು, ನೋಡಿ ಹೇಳು."

'ಇಲ್ಲ' ಎನ್ನುವ ಮಾತು ನಾಲಿಗೆಗೆ ರೂಢಿಯಾಗಿತ್ತು. ಅದನ್ನು ನುಂಗಿಕೊಂಡೆ. ಮಷಿನ್ನಿನ ಹಿಂದೆ ಬಗ್ಗಿ, ವೈರು ಗೋಡೆ ಹತ್ತುವಲ್ಲಿ ಕೈಯಿಟ್ಟೆ. ಪಟ್ಟಿಯ ಗುಂಟ ಕೈಯಾಡಿಸುತ್ತ ಮೂಲೆ ತಿರುಗಿದೆ, ಕಪಾಟು ಸರಿಸಿದೆ, ಒಳಗಿನ ಸಣ್ಣ ಕೋಣೆಗೆ ಹೋದೆ. ಅಲ್ಲಿ ಆಫೀಸಿನ ಸಿಪಾಯಿ ಚಹಾ ಕಾಸುವ ಕರೆಂಟಿನ ಒಲೆ ಅದೇ ವೈರಿಗೆ ಹತ್ತಿತ್ತು. ಒಲೆಯ ತಂತಿ ಕೆಂಪಗೆ ಕಾಯ್ದಿತ್ತು, ಮೇಲೆ ಹಾಲು ಉಕ್ಕುತ್ತಿತ್ತು.

ಮರಳಿ ಬಂದು ಹೇಳಿದೆ. "ಐತಿ. ಚಹಾದ ಒಲಿ."

"ಹೂಂ," ಎಂದಳು. ಆಮೇಲೆ ಖುರ್ಚಿಯಿಂದ ಎದ್ದು ಬಂದು, ನಾನು ಕೈಯಿಟ್ಟಿದ್ದ ಜಾಗದಲ್ಲೇ ತಾನೂ ಗೋಡೆಯ ಮೇಲೆ ಕೈಯಿಟ್ಟು, ಮೂಲೆ ತಿರುಗಿ, ಕೊನೆಯವರೆಗೂ ತಾನೇ ನೋಡಿಕೊಂಡು ಬಂದಳು.